ಕೈಗೆ ಕಲಿಸುವ ವಿದ್ಯೆ

ಕೀಲು, ಸ್ನಾಯುಗಳ ನೋವನ್ನು ಕೈಗಳಿಂದಲೇ ಪರೀಕ್ಷಿಸಿ ಉಪಚರಿಸುವ ಪದ್ಧತಿಗೆ ಆಸ್ಟಿಯೋಪತಿ ಎಂದು ಹೆಸರು. ಆಂಡ್ರೂ ಟೇಲರ್ ಸ್ಟಿಲ್ ಎಂಬವರು 1892ರಲ್ಲಿ ಅಮೆರಿಕದ ಕರ್ಕ್ಸ್‌ವಿಲ್ ಎಂಬ ಊರಿನಲ್ಲಿ ಇದರ ಮೊದಲ ಶಾಲೆಯನ್ನು ತೆರೆದರು. ಅಲ್ಲಿ ಕಲಿತ ಲಿಟ್ಲ್‌ಜಾನ್ ಎಂಬವರು 1917ರಲ್ಲಿ ಲಂಡನ್ನಿನಲ್ಲೊಂದು ಶಾಲೆಯನ್ನು ಸ್ಥಾಪಿಸಿದರು.

ಬ್ರಿಟನ್ನಿನಲ್ಲಿ ಈ ವಿದ್ಯಾರ್ಥಿಗಳು ಸಾಮಾನ್ಯವಾಗಿ 4 ಅಥವಾ 5 ವರ್ಷ ಶರೀರಶಾಸ್ತ್ರ, ರೋಗಲಕ್ಷಣಗಳನ್ನು ಅಭ್ಯಸಿಸಿ, ಗುರುಗಳ ಕಣ್ಣೆದುರಿನಲ್ಲಿ ಸುಮಾರು 1000 ಗಂಟೆ ರೋಗಿಗಳನ್ನು ಉಪಚರಿಸುತ್ತಾರೆ. 1993ರ ಶಾಸನದಂತೆ, ನೋಂದಣಿಯಿಲ್ಲದವರು ಆ ಹೆಸರನ್ನು ಧರಿಸುವುದು ಅಪರಾಧ.

ಇಷ್ಟು ದೀರ್ಘ ಶಿಕ್ಷಣವೇಕೆ? ಬೆನ್ನುನೋವೆಂದು ಬಂದವರಲ್ಲಿ ಮುರಿದ ಮೂಳೆಯೋ ಅರ್ಬುದವೋ ಅಡಗಿರಬಹುದು. ಆ ಲಕ್ಷಣವನ್ನರಿತು, ಕೈಯನ್ನು ಹಿಂದೆಗೆದು, ತಕ್ಕ ವೈದ್ಯರ ಬಳಿಗೆ ಕಳುಹಿಸುವ ವಿವೇಕವನ್ನೇ ನಾವು ಈ ವಿದ್ಯೆಯ ಸಾರವೆಂದು ಭಾವಿಸುತ್ತೇವೆ. ಬೆನ್ನನ್ನು ಯಾರಿಗಾದರೂ ಒಪ್ಪಿಸುವ ಮುನ್ನ, ಆ ಕೈ ಎಲ್ಲಿ ಕಲಿತಿತೆಂದು ವಾಚಕರು ವಿಚಾರಿಸುವುದು ಲೇಸು.