ಕಂದು ಬಣ್ಣಕ್ಕೆ ತಿರುಗಿದ ಲೋಟ

ಒಂದು ಭಾನುವಾರ ಬೆಳಗ್ಗೆ. ಯಲಹಂಕದ ಆಚೆ ನಮ್ಮದೊಂದು ಪುಟ್ಟ ಬಡಾವಣೆ. ನಲವತ್ತು ಮನೆ, ಒಂದು ಬೋರ್‌ವೆಲ್, ಒಂದು ಓವರ್‌ಹೆಡ್ ಟ್ಯಾಂಕು. ಎದುರುಮನೆ ಅಜ್ಜಿ ಗೇಟಿನ ಹತ್ತಿರ ನಿಂತು ಕೂಗಿದರು. "ಏನಪ್ಪಾ, ಟಿವೀಲಿ ಬರೋನೆ, ಸ್ವಲ್ಪ ಬಾ ಇಲ್ಲಿ. ಈ ಹುಡುಗ ಏನೋ ತೋರಿಸ್ತಾವ್ನೆ, ನಂಗೆ ಎದೆ ಧಸಕ್ ಅಂತು!"

ಹೋಗಿ ನೋಡಿದೆ. ವಾಟರ್ ಫಿಲ್ಟರ್ ಮಾರೋ ಹುಡುಗ. ಟೀಪಾಯಿ ಮೇಲೆ ಎರಡು ಗಾಜಿನ ಲೋಟ. ಒಂದರಲ್ಲಿ ನಮ್ಮ ಬೋರ್ ನೀರು, ಇನ್ನೊಂದರಲ್ಲಿ ಅವನ ಆರ್‌ಓ ಮೆಷಿನ್ನಿನ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನ ಇಳಿಸಿ ಕರೆಂಟು ಕೊಟ್ಟಿದ್ದ. ಒಂದೇ ನಿಮಿಷಕ್ಕೆ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳೆ ನೊರೆ ತೇಲುತ್ತಿತ್ತು. ಅವನ ನೀರು ಮಾತ್ರ ತಿಳಿಯಾಗಿಯೇ ಇತ್ತು. "ಅಜ್ಜಿ, ಇಷ್ಟು ದಿನ ನೀವು ಕುಡೀತಿದ್ದಿದ್ದು ಇದನ್ನೇ" ಅಂದ.

ನಾನು ಓದಿದ್ದು ಎಂಜಿನಿಯರಿಂಗ್. ಈ ಆಟದ ಗುಟ್ಟು ಗೊತ್ತಿತ್ತು. ಅಡುಗೆಮನೆಯಿಂದ ಚಿಟಿಕೆ ಉಪ್ಪು ತರಿಸಿ ಅವನ ಆರ್‌ಓ ನೀರಿಗೆ ಹಾಕಿದೆ. "ಈಗ ಕೊಡಪ್ಪ ಕರೆಂಟು" ಅಂದೆ. ಆ ಲೋಟ ನಮ್ಮದಕ್ಕಿಂತ ಗಟ್ಟಿ ಕಂದು ಬಣ್ಣಕ್ಕೆ ತಿರುಗಿತು. ಹುಡುಗ ಮಾತಾಡದೆ ಬ್ಯಾಗ್ ಕಟ್ಟಿದ.

ಆಗಿದ್ದಿಷ್ಟೇ. ಆ ಕಡ್ಡಿಗಳಲ್ಲಿ ಕಬ್ಬಿಣ ಇರುತ್ತೆ. ನೀರಿನಲ್ಲಿ ಲವಣ ಇದ್ದರೆ ಕರೆಂಟು ಹರಿಯುತ್ತೆ, ಕರೆಂಟು ಹರಿದರೆ ಕಬ್ಬಿಣ ಕರಗಿ ತುಕ್ಕಾಗುತ್ತೆ. ಲೋಟದಲ್ಲಿ ಕಾಣೋ ಕೊಳೆ ಆ ಕಡ್ಡಿಯ ತುಕ್ಕು. ಆರ್‌ಓ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ಕರೆಂಟೇ ಸರಿಯಾಗಿ ಹರಿಯಲ್ಲ, ಬಣ್ಣವೂ ಬರಲ್ಲ. ಉಪ್ಪು ಹಾಕಿದ ತಕ್ಷಣ ಅದರ ಬಂಡವಾಳವೂ ಬಯಲಾಯ್ತು.

ಆದರೆ ಅಜ್ಜಿ ಸುಮ್ಮನಾಗಲಿಲ್ಲ. "ಹಂಗಾದ್ರೆ ನಮ್ ನೀರು ಚೆನ್ನಾಗೈತೆ ಅಂತಾನಾ?" ಅಂದರು. ನಾನು ಮನೆಗೆ ಹೋಗಿ ನನ್ನ ಟಿಡಿಎಸ್ ಪೆನ್ ತಂದು ಅದ್ದಿದೆ. ಐನೂರರ ಒಳಗೇ ತೋರಿಸಿತು. "ಆರಾಮಾಗಿ ಕುಡೀರಿ ಅಜ್ಜಿ, ಏನೂ ತೊಂದರೆ ಇಲ್ಲ" ಅಂದೆ.

ನಾನು ತಪ್ಪು ಮಾಡಿದ್ದು ಅಲ್ಲಿ. ಮೋಸ ಬಯಲು ಮಾಡೋಕೆ ಹೋದವನು ಅರ್ಧ ಸತ್ಯ ಹೇಳಿ ಬಂದಿದ್ದೆ.

ಟಿಡಿಎಸ್ ಪೆನ್ ಅಳೆಯೋದು ಏನನ್ನ? ನೀರು ಎಷ್ಟು ಕರೆಂಟು ಹರಿಸುತ್ತೆ ಅನ್ನೋದನ್ನ ಮಾತ್ರ. ಅದರ ಲೆಕ್ಕದ ಮೇಲೆ ಕರಗಿದ ಲವಣ ಎಷ್ಟಿರಬಹುದು ಅಂತ ಅಂದಾಜು ಹೇಳುತ್ತೆ. ಅದನ್ನ ಎಳನೀರಿಗೆ ಅದ್ದಿ ನೋಡಿ, ಸಾವಿರಗಳ ಲೆಕ್ಕದಲ್ಲಿ ತೋರಿಸುತ್ತೆ. ಎಳನೀರು ವಿಷಾನಾ? ಅದೇ ಒಂದು ಲೋಟ ಒಳ್ಳೆ ನೀರಿಗೆ ಒಂದು ಹನಿ ಚರಂಡಿ ನೀರು ಬೆರೆಸಿ ಅದ್ದಿ, ಅಂಕಿ ಕದಲೋದೇ ಇಲ್ಲ. ಕಾಲರಾ, ಟೈಫಾಯ್ಡ್, ಕಾಮಾಲೆ ತರೋ ರೋಗಾಣುಗಳು ಆ ಪೆನ್ನಿನ ಕಣ್ಣಿಗೆ ಬೀಳಲ್ಲ. ಇರೋ ಲವಣ ಯಾವುದು ಅಂತಲೂ ಅದಕ್ಕೆ ಗೊತ್ತಾಗಲ್ಲ. ಸುಣ್ಣದ ಅಂಶವೂ ಒಂದೇ, ನೈಟ್ರೇಟೂ ಒಂದೇ.

ಅಜ್ಜಿ ಮನೆಯಲ್ಲಿ ಆಗ ಮಗಳ ಬಾಣಂತನ ನಡೀತಿತ್ತು. ಮೂರು ತಿಂಗಳ ಕೂಸು. ತಾಯಿ ಹಾಲು ಸಾಲದೆ ಡಬ್ಬಿ ಹಾಲಿನ ಪುಡಿ ಕಲಸಿ ಕೊಡ್ತಿದ್ದರು. ಅಜ್ಜಿ ಬೋರ್ ನೀರನ್ನ ಕಾಲು ಗಂಟೆ ಕೊತಕೊತ ಕುದಿಸಿ, ಆರಿಸಿ, ಅದರಲ್ಲಿ ಕಲಸೋರು. ಲಸಿಕೆ ಹಾಕಿಸೋಕೆ ಹೋದಾಗ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಬೋರ್ ನೀರಾ? ಲ್ಯಾಬಲ್ಲಿ ಟೆಸ್ಟ್ ಮಾಡ್ಸಿದೀರಾ?" ಮಾಡಿಸಿದರು. ರಿಪೋರ್ಟ್ ಹಿಡ್ಕೊಂಡು ಅಜ್ಜಿ ಸೀದಾ ನಮ್ಮ ಮನೆಗೇ ಬಂದರು. ನೈಟ್ರೇಟ್ ಮಿತಿಯ ಸುಮಾರು ಎರಡು ಪಟ್ಟು. ಕೋಲಿಫಾರ್ಮ್ ಕೂಡ ಇತ್ತು.

ನೈಟ್ರೇಟ್ ಅಂದ್ರೆ ಏನು? ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಒಂದು ಲೀಟರಿಗೆ 45 ಮಿಲಿಗ್ರಾಂ ಅಂತ ಗೆರೆ ಎಳೆದಿದೆ. ಟಿಡಿಎಸ್‌ಗೆ 500 ಇರಲಿ, ಬೇರೆ ನೀರೇ ಇಲ್ಲ ಅಂದಾಗ 2000ದವರೆಗೆ ಸಹಿಸಬಹುದು ಅನ್ನುತ್ತೆ ಅದೇ ಮಾನದಂಡ. ನೈಟ್ರೇಟ್‌ಗೆ ಆ ರಿಯಾಯಿತಿ ಇಲ್ಲ. ಕಾರಣ ಹಸುಗೂಸು. ಆರು ತಿಂಗಳೊಳಗಿನ ಮಗುವಿನ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗುತ್ತೆ. ಅದು ರಕ್ತದ ಹಿಮೋಗ್ಲೋಬಿನ್ನನ್ನ ಕೆಡಿಸಿ ಆಮ್ಲಜನಕ ಹೊರದಂತೆ ಮಾಡುತ್ತೆ. ವಿಪರೀತವಾದರೆ ಮಗುವಿನ ತುಟಿ, ಉಗುರು ನೀಲಿಗಟ್ಟುತ್ತವೆ. ವೈದ್ಯರು ಇದನ್ನ ಬ್ಲೂ ಬೇಬಿ ಅಂತಾರೆ.

ಇನ್ನು ಕುದಿಸಿದ್ದು? ಕುದಿಸಿದರೆ ರೋಗಾಣು ಸಾಯುತ್ತೆ, ಅದು ಖಂಡಿತ. ಆದರೆ ನೈಟ್ರೇಟ್ ಆವಿಯಾಗಲ್ಲ. ನೀರು ಇಂಗಿದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಜಾಸ್ತಿಯಾಗುತ್ತೆ. ಅಂದ್ರೆ ಅಜ್ಜಿ ಪ್ರೀತಿಯಿಂದ ಎಷ್ಟು ಹೊತ್ತು ಕುದಿಸಿದರೋ ಅಷ್ಟೂ ಗಟ್ಟಿಯಾಗುತ್ತಿತ್ತು. ಪುಣ್ಯಕ್ಕೆ ಕೂಸಿಗೆ ಏನೂ ಆಗಿರಲಿಲ್ಲ. ಅವತ್ತಿನಿಂದಲೇ ನೀರು ಬದಲಾಯ್ತು. ಆದರೆ "ಆರಾಮಾಗಿ ಕುಡೀರಿ" ಅಂದವನು ನಾನು. ಅದು ಇವತ್ತಿಗೂ ಚುಚ್ಚುತ್ತೆ.

ಇಷ್ಟಕ್ಕೂ ನೈಟ್ರೇಟ್ ನಮ್ಮ ಬೋರ್‌ವೆಲ್ಲಿಗೆ ಬಂದಿದ್ದು ಎಲ್ಲಿಂದ? ಹೆಚ್ಚಿನಂಶ ನಮ್ಮಿಂದಲೇ. ಬೆಂಗಳೂರಿಗೆ ಪಕ್ಕದಲ್ಲಿ ದೊಡ್ಡ ನದಿ ಇಲ್ಲ. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿ ನೀರು ತಂದೆವು. ಆ ಹೊಳೆಯನ್ನ ನಾವೇ ಒಣಗಿಸಿ, ಕೆಡಿಸಿದೆವು. 1974ರಿಂದ ಕಾವೇರಿ ಬಂತು, ಸುಮಾರು ನೂರು ಕಿಲೋಮೀಟರ್ ದೂರದಿಂದ, ಪಂಪಿನ ಮೇಲೆ ಪಂಪು ಇಟ್ಟು ಮೇಲಕ್ಕೆತ್ತಿ. 2007ರಲ್ಲಿ ಬಿಬಿಎಂಪಿ ಆದಾಗ ಯಲಹಂಕ, ಬ್ಯಾಟರಾಯನಪುರ ಸೇರಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ನಗರದೊಳಗೆ ಬಂದವು. ಆ ಹಳ್ಳಿಗಳಿಗೆ ಅಂತ ಮಾಡಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರಿನ ಯೋಜನೆ, ಉದ್ಘಾಟನೆ ಆಗಿದ್ದು 2024ರ ಅಕ್ಟೋಬರ್ 16ಕ್ಕೆ. ನಡುವೆ ಹದಿನೇಳು ವರ್ಷ ಜನ ಏನು ಕುಡಿದರು? ಬೋರ್‌ವೆಲ್ಲು, ಟ್ಯಾಂಕರು, ಕ್ಯಾನು.

ಆ ಹದಿನೇಳು ವರ್ಷ ಮನೆಗಳು ಮಾತ್ರ ಕಾಯಲಿಲ್ಲ. ಎದ್ದವು. ಒಳಚರಂಡಿ ಇಲ್ಲದ ಕಡೆ ಮನೆಮನೆಗೂ ಇಂಗುಗುಂಡಿ. ಶೌಚದ ನೀರು ಮಣ್ಣಿಗಿಳಿಯುತ್ತೆ, ಮಣ್ಣಿನಲ್ಲಿ ನೈಟ್ರೇಟ್ ಆಗುತ್ತೆ, ಕೆಳಗಿರೋ ಕಲ್ಲಿನ ಬಿರುಕುಗಳಲ್ಲಿ ಹರಿದು ಬೋರ್‌ವೆಲ್ ಸೇರುತ್ತೆ. ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಇರೋದೇ ಆ ಬಿರುಕುಗಳಲ್ಲಿ. ಅಲ್ಲಿ ಮರಳಿನ ಹಾಗೆ ಸೋಸುವುದು ಯಾವುದೂ ಇಲ್ಲ. ಸಾವಿರ ಅಡಿ ಕೊರೆಸಿದ್ದೀವಿ, ನೀರು ಶುದ್ಧ ಅನ್ನೋರಿಗೆ ಇದು ಉತ್ತರ. ಮೇಲ್ಗಡೆ ಕೇಸಿಂಗ್ ಪೈಪು ಸರಿಯಾಗಿ ಕೂತಿಲ್ಲ ಅಂದ್ರೆ ಚರಂಡಿಗೆ ಅದೇ ಹೆದ್ದಾರಿ. ಆಳಕ್ಕೆ ಹೋದಷ್ಟೂ ಕಲ್ಲಿನಿಂದಲೇ ಫ್ಲೋರೈಡ್, ಕೆಲವು ಕಡೆ ಯುರೇನಿಯಂ ಸೇರೋ ಸಾಧ್ಯತೆ ಬೇರೆ. ಯುರೇನಿಯಂ ಹೆಚ್ಚಾದರೆ ಮೂತ್ರಪಿಂಡಕ್ಕೆ ಏಟು.

ಹಾಗಾದ್ರೆ ಮಾಡೋದೇನು?

ಮೊದಲು, ಟೆಸ್ಟ್ ಮಾಡಿಸಿ. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಗೆ ಕೊಡಿ, ಮಳೆಗಾಲಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ. ಇ ಕೋಲಿ, ನೈಟ್ರೇಟ್, ಫ್ಲೋರೈಡ್, ಗಡಸುತನ, ಟಿಡಿಎಸ್ ಇಷ್ಟನ್ನೂ ಬಾಯಿಬಿಟ್ಟು ಕೇಳಿ. ಬೋರ್ ಆಳದ್ದಾದರೆ ಯುರೇನಿಯಮ್ಮನ್ನೂ ಸೇರಿಸಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡೋ ಬಾಟಲಿ ಬೇಕು, ಹಳೆ ಜ್ಯೂಸ್ ಬಾಟಲಿ ನಡೆಯಲ್ಲ.

ಎರಡನೇದು, ರೋಗ ನೋಡಿ ಮದ್ದು. ರೋಗಾಣು ಇದ್ದರೆ ಕುದಿಸಿ, ಇಲ್ಲವೇ ಕ್ಲೋರಿನ್, ಇಲ್ಲವೇ ಯುವಿ. ನೈಟ್ರೇಟ್, ಫ್ಲೋರೈಡ್ ಇದ್ದರೆ ಆರ್‌ಓ ಬೇಕೇ ಬೇಕು. ಎರಡೂ ಇಲ್ಲದ, ಲವಣ ಕಡಿಮೆ ಇರೋ ಕಾವೇರಿ ನೀರಿಗೆ ಆರ್‌ಓ ಹಾಕೋದು ದುಡ್ಡೂ ದಂಡ, ನೀರೂ ದಂಡ. ಮನೆಯ ಆರ್‌ಓ ಒಂದು ಲೀಟರ್ ಕೊಡೋಕೆ ಎರಡು ಮೂರು ಲೀಟರ್ ಹೊರಗೆ ಬಿಡುತ್ತೆ. ಆ ನೀರನ್ನ ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ. ಮಳೆನೀರಿನ ಇಂಗುಗುಂಡಿಗೆ ಮಾತ್ರ ಬಿಡಬೇಡಿ. ಸೋಸಿ ತೆಗೆದ ನೈಟ್ರೇಟನ್ನ ವಾಪಸ್ ಅದೇ ಬೋರಿಗೆ ತುಂಬಿದ ಹಾಗಾಗುತ್ತೆ.

ಮೂರನೇದು, ಸಂಪು. ನಲ್ಲಿಯಲ್ಲಿ ಎಷ್ಟೇ ಒಳ್ಳೆ ನೀರು ಬರಲಿ, ಸಂಪಿನ ಪಕ್ಕದಲ್ಲೇ ಚರಂಡಿ ಚೇಂಬರ್ ಇದ್ದು ಗೋಡೆ ಬಿರುಕು ಬಿಟ್ಟಿದ್ದರೆ ಎಲ್ಲ ನೀರಿಗೆ ಹೋಮ. ಟ್ಯಾಂಕು ತೊಳೆದ ಮೇಲೆ 1000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್ ಕದಡಿ, ತಿಳಿ ಮಾತ್ರ ಹಾಕಿ ಒಂದು ಗಂಟೆ ಬಿಡಿ. ಇನ್ನೊಂದು ಮಾತು, ದಯವಿಟ್ಟು ಕೇಳಿ. ಬಹಳ ದಿನ ಮುಚ್ಚಿದ್ದ ಸಂಪಿಗೆ ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಒಳಗೆ ಆಮ್ಲಜನಕ ಇರಲ್ಲ. ಮೊದಲು ಇಳಿದವನು ಬೀಳ್ತಾನೆ, ಎತ್ತೋಕೆ ಹೋದವನೂ ಬೀಳ್ತಾನೆ. ನಾನು ಸುದ್ದಿ ಓದೋ ಮೇಜಿನ ಮೇಲೆ ಈ ಸುದ್ದಿ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ.

ಮತ್ತೆ ನಮ್ಮ ಬಡಾವಣೆಗೆ ಬರ್ತೀನಿ. ಅಜ್ಜಿ ಮನೆ ರಿಪೋರ್ಟನ್ನ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಒಬ್ಬರು ಫೋನ್ ಮಾಡಿದರು. "ಸಾರ್, ಅದನ್ನ ಡಿಲೀಟ್ ಮಾಡಿ. ನಂದೊಂದು ಸೈಟು ಮಾರಾಟಕ್ಕಿದೆ. ನೀರು ಸರಿಯಿಲ್ಲ ಅಂದ್ರೆ ರೇಟ್ ಬೀಳುತ್ತೆ." ಇನ್ನೊಬ್ಬರಿಗೆ ಬಾಡಿಗೆದಾರರು ಖಾಲಿ ಮಾಡ್ತಾರೆ ಅನ್ನೋ ಭಯ. ಆ ಭಯ ನನಗೆ ಅರ್ಥ ಆಗುತ್ತೆ, ಸಾಲ ಮಾಡಿ ಸೈಟು ತಗೊಂಡವನು ನಾನೂ ಹೌದು. ಆದರೆ ಯೋಚನೆ ಮಾಡಿ. ಸೈಟಿನ ರೇಟು ಉಳಿಸೋಕೆ ಪಕ್ಕದ ಮನೆ ಕೂಸಿಗೆ ಆ ನೀರು ಕುಡಿಸೋದಾ?

ಡಿಲೀಟ್ ಮಾಡಲಿಲ್ಲ. ಮುಂದಿನ ಭಾನುವಾರ ಸಭೆ ಸೇರಿದೆವು. ಒಂದಿಷ್ಟು ಕೂಗಾಟ ಆಯ್ತು. ಕೊನೆಗೆ ಬೋರ್‌ವೆಲ್ ಪಕ್ಕದ ಇಂಗುಗುಂಡಿ ಮುಚ್ಚಿಸೋದು, ಎಲ್ಲರೂ ಸೇರಿ ಒಂದೇ ಆರ್‌ಓ ಘಟಕ ಹಾಕಿಸೋದು, ಕಾವೇರಿ ಸಂಪರ್ಕಕ್ಕೆ ಜಲಮಂಡಳಿಗೆ ಒಟ್ಟಾಗಿ ಅರ್ಜಿ ಕೊಡೋದು ಅಂತ ತೀರ್ಮಾನ ಆಯ್ತು. ಬೋರ್ ನೀರು ಸ್ನಾನಕ್ಕೆ, ಬಟ್ಟೆಗೆ.

ಈಗ ನಮ್ಮ ಗೇಟಿನ ಬೋರ್ಡಿನಲ್ಲಿ ಹಾಲಿನವನ ನಂಬರಿನ ಪಕ್ಕ ನೀರಿನ ರಿಪೋರ್ಟ್ ಅಂಟಿಸಿರ್ತೀವಿ. ವರ್ಷಕ್ಕೆ ಎರಡು ಸಲ ಹೊಸದು. ಮನೆ ನೋಡೋಕೆ ಬಂದವರೂ ಓದ್ತಾರೆ. ಸೈಟಿನ ರೇಟು ಬಿದ್ದಿಲ್ಲ. ಅಜ್ಜಿಗೆ ಕನ್ನಡಕ ಹಾಕ್ಕೊಂಡ್ರೂ ಅದರ ಅಂಕಿ ಓದೋಕಾಗಲ್ಲ. ಪ್ರತಿ ಸಲ ನನ್ನನ್ನೇ ಕರೀತಾರೆ. ನಾನು ಟಿಡಿಎಸ್ ಸಾಲನ್ನ ಬಿಟ್ಟು, ಬೆರಳಿಟ್ಟು, ನೈಟ್ರೇಟ್ ಅಂತ ಇರೋ ಸಾಲಿನಿಂದ ಓದೋಕೆ ಶುರು ಮಾಡ್ತೀನಿ.

ನಿಮ್ಮ ಬಡಾವಣೆಯ ಗೇಟಿನಲ್ಲಿ ಏನು ಅಂಟಿಸಿದ್ದಾರೆ? ನಾಳೆ ಬೆಳಗ್ಗೆ ಒಂದ್ಸಲ ನೋಡಿ.