ತೂತಿಲ್ಲದ ಕೈಗವಸನ್ನೂ ದಾಟುವ ವಿಷ

1996ರ ಆಗಸ್ಟ್ 14ರಂದು ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಪ್ರಯೋಗಾಲಯದಲ್ಲಿದ್ದಾಗ ಅವರ ಕೈ ಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತ ದ್ರವದ ಹನಿಗಳು ಬಿದ್ದವು. ಲೇಟೆಕ್ಸ್ ಕೈಗವಸು ಹಾಕಿದ್ದರು, ವಿಷದ ಆವಿ ಹೊರಹಾಕುವ ಫ್ಯೂಮ್ ಹುಡ್‌ನ ಒಳಗೇ ಕೆಲಸ ಮಾಡುತ್ತಿದ್ದರು. ಆಗಿನ ಎಚ್ಚರಿಕೆಗಳನ್ನೆಲ್ಲ ಪಾಲಿಸಿದ್ದರು. ತಿಂಗಳುಗಳು ಕಳೆದ ಮೇಲೆ ನಡಿಗೆ ತಪ್ಪಿತು, ಮಾತು ತೊದಲಿತು. ರಕ್ತದಲ್ಲಿ ಲೀಟರಿಗೆ 4000 ಮೈಕ್ರೊಗ್ರಾಂ ಪಾದರಸ ಸಿಕ್ಕಿತು. 200 ದಾಟಿದರೇ ಅದು ವಿಷ. 1997ರ ಜೂನ್ 8ರಂದು, 48ನೇ ವಯಸ್ಸಿನಲ್ಲಿ ತೀರಿಕೊಂಡರು. ಆ ದ್ರವ ಅಂಥ ಕೈಗವಸನ್ನು ದಾಟಲು 15 ಸೆಕೆಂಡ್ ಕೂಡ ಬೇಕಿಲ್ಲವೆಂದು ನಂತರದ ಪರೀಕ್ಷೆ ತೋರಿಸಿತು.

ಕೈಗವಸು ಎಲ್ಲಿಯೂ ಹರಿದಿರಬೇಕೆಂದಿಲ್ಲ. ರಾಸಾಯನಿಕದ ಅಣುಗಳು ಹೊರಮೈಯಲ್ಲಿ ಇಂಗಿ, ರಬ್ಬರಿನ ಅಣುಸರಪಳಿಗಳ ನಡುವೆ ನುಸುಳಿ, ಒಳಮೈಯಿಂದ ಚರ್ಮಕ್ಕೆ ಇಳಿಯುತ್ತವೆ. ಗಾಳಿ ಊದಿಯೋ ನೀರು ತುಂಬಿಸಿಯೋ ನೋಡಿದರೆ ತೂತು ಸಿಕ್ಕೀತು, ಈ ನುಸುಳುವಿಕೆ ಸಿಗದು. ಅದಕ್ಕೇ ಪ್ರಯೋಗಾಲಯದಲ್ಲಿ ಎರಡು ಕೋಣೆಗಳ ಪುಟ್ಟ ಪಾತ್ರೆಯ ನಡುವೆ ಕೈಗವಸಿನ ತುಂಡನ್ನು ಬಿಗಿದು, ಒಂದು ಕಡೆ ರಾಸಾಯನಿಕ ಸುರಿದು, ಇನ್ನೊಂದು ಕಡೆ ಅದು ಎಷ್ಟು ನಿಮಿಷಕ್ಕೆ ಕಾಣಿಸುತ್ತದೆಂದು ಅಳೆಯುತ್ತಾರೆ. ಎಣ್ಣೆ, ಡೀಸೆಲ್‌ಗೆ ಚೆನ್ನಾಗಿ ತಡೆಯೊಡ್ಡುವ ನೈಟ್ರೈಲ್ ರಬ್ಬರ್ ಅಸಿಟೋನ್ ಎದುರು ಬೇಗ ಸೋಲುತ್ತದೆ. ಅಲ್ಲಿ ಬ್ಯುಟೈಲ್ ರಬ್ಬರ್ ಬೇಕು. ಆದ್ದರಿಂದ ಡಬ್ಬಿಯ ಮೇಲೆ ಬರೀ ‘ಕೆಮಿಕಲ್ ರೆಸಿಸ್ಟೆಂಟ್’ ಎಂದಿದ್ದರೆ ಸಾಲದು. ಯಾವ ರಾಸಾಯನಿಕಕ್ಕೆ, ಎಷ್ಟು ಹೊತ್ತು ಎಂದು ಕೇಳಲೇಬೇಕು. ಕೇಳುವುದು ಕಾರ್ಮಿಕರ ಹಕ್ಕು, ಉತ್ತರ ಕೊಡುವುದು ಮಾಲೀಕರ ಹೊಣೆ.

ಪ್ರಯೋಗಾಲಯದಲ್ಲಿ ಅಳೆದ ನಿಮಿಷಗಳ ಆ ಅಂಕಿಯೂ ಪೂರ್ತಿ ಭರವಸೆಯಲ್ಲ. ಕೆಲಸದಲ್ಲಿ ಕೈ ಬಿಸಿಯಾಗುತ್ತದೆ, ಬೆರಳು ಮಡಚುತ್ತದೆ, ಎರಡು ಮೂರು ರಾಸಾಯನಿಕಗಳು ಬೆರೆತಿರುತ್ತವೆ. ಹಾಗಾಗಿ ಕೆಲಸದ ನಡುವೆಯೇ ಸೋರಿಕೆ ಹಿಡಿಯುವ ದಾರಿಗಳಿವೆ. ಕೈಗವಸಿನೊಳಗೆ ಬೆರಳಿಗೆ ಅಂಟಿಸುವ ಸಣ್ಣ ಪಟ್ಟಿಗಳು ಕೆಲವು ರಾಸಾಯನಿಕ ಸೋಕಿದರೆ ಬಣ್ಣ ಬದಲಿಸುತ್ತವೆ. ಆವಿಯಾಗುವ ದ್ರಾವಕಗಳನ್ನು ಇದ್ದಿಲಿನ ಪಟ್ಟಿ ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಆಮೇಲೆ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಕೀಟನಾಶಕ ಸಿಂಪಡಿಸುವವರ ವಿಷಯದಲ್ಲಿ ದ್ರಾವಣಕ್ಕೆ ಹೊಳೆಯುವ ಬಣ್ಣ ಬೆರೆಸಿ, ಕೆಲಸ ಮುಗಿದ ಮೇಲೆ ನೇರಳಾತೀತ ಬೆಳಕಿನಲ್ಲಿ ಮೈ ನೋಡುತ್ತಾರೆ. ಬಟ್ಟೆ ದಾಟಿ ವಿಷ ಎಲ್ಲೆಲ್ಲಿ ತಗುಲಿತೆಂಬುದು ಅವರ ಕಣ್ಣಿಗೇ ಕಾಣುತ್ತದೆ. ಮಾತಿನ ತರಬೇತಿಗಿಂತ ಇದು ಹೆಚ್ಚು ತಟ್ಟುತ್ತದೆ ಎಂಬುದು ನನ್ನ ನಂಬಿಕೆ.

ವೆಟರ್‌ಹಾನ್ ಸಾವಿನ ನಂತರ ಆ ದ್ರವಕ್ಕೆ ಹಲವು ಪದರಗಳ ಲ್ಯಾಮಿನೇಟ್ ಕೈಗವಸು, ಅದರ ಮೇಲೆ ಇನ್ನೊಂದು ದಪ್ಪ ಜೋಡಿ ಹಾಕಬೇಕೆಂಬ ಸಲಹೆ ಬಂತು. ಯಾವ ಕೈಗವಸೇ ಆಗಲಿ, ಒಂದು ರೂಢಿಯನ್ನಂತೂ ಬಿಡಲೇಬೇಕು: ದ್ರಾವಕದಲ್ಲಿ ನೆನೆದ ಕೈಗವಸನ್ನು ಸಂಜೆ ತೊಳೆದು ಮರುದಿನ ಮತ್ತೆ ಹಾಕಿಕೊಳ್ಳುವುದು. ತೊಳೆದರೆ ಹೋಗುವುದು ಮೇಲಿನದಷ್ಟೇ. ರಬ್ಬರಿನೊಳಗೆ ಇಂಗಿದ್ದು ರಾತ್ರಿಯಿಡೀ ಒಳಮೈಯತ್ತ ಸರಿಯುತ್ತಲೇ ಇರುತ್ತದೆ.