ಸ್ಕ್ಯಾನ್‌ನಲ್ಲಿ ಕಲ್ಲು ಸಿಕ್ತು, ಅದರ ಕೆಳಗಿನ ಸಾಲು ಯಾರೂ ಓದ್ಲಿಲ್ಲ

ಇವತ್ತಿನ ಎಪಿಸೋಡ್ ಒಂದು ಫೋಟೋದಿಂದ ಶುರುವಾಗತ್ತೆ. ಸ್ವಲ್ಪ ಓರೆಯಾಗಿ ತೆಗೆದ, ಮೂಲೆಯಲ್ಲಿ ಹೆಬ್ಬೆರಳು ಕಾಣೋ ಫೋಟೋ. ಅಪ್ಪ ನನಗೆ ವಾಟ್ಸಾಪ್ ಮಾಡಿದ ಹೊಟ್ಟೆ ಸ್ಕ್ಯಾನ್ ರಿಪೋರ್ಟ್ ಅದು.

ಅಪ್ಪಂದು ತಿಪಟೂರಿನಲ್ಲಿ ದಿನಸಿ ಅಂಗಡಿ. 12 ವರ್ಷದಿಂದ ಶುಗರ್ ಇದೆ. ಮಂಡಿ ನೋವು ಬೇರೆ. ಅದಕ್ಕೆ ಪಕ್ಕದ ಮೆಡಿಕಲ್ ಸ್ಟೋರ್‌ನಿಂದ ಮಾತ್ರೆ ತಂದು ನುಂಗೋದು ಅಭ್ಯಾಸ. ಕಳೆದ ವರ್ಷ ಒಂದು ರಾತ್ರಿ ಸೊಂಟದ ಎಡಗಡೆ ನೋವು ಬಂತು, ಬೆಳಿಗ್ಗೆ ಸ್ಕ್ಯಾನ್ ಮಾಡಿಸಿದ್ರು. ಎಡ ಕಿಡ್ನಿಯಲ್ಲಿ 4 ಮಿಲಿಮೀಟರ್ ಕಲ್ಲು ಅಂತ ಬಂತು. ಮನೆಯವರೆಲ್ಲ 'ಅಯ್ಯೋ ಇಷ್ಟೇನಾ' ಅಂದ್ವಿ. ಬಾಳೆದಿಂಡಿನ ಪಲ್ಯ, ಎಳನೀರು, ದಿನಕ್ಕೆ ಮೂರು ಲೀಟರ್ ನೀರು. ನೋವು ಹೋಯ್ತು. ವಿಷಯ ಮುಗೀತು ಅಂದ್ಕೊಂಡ್ವಿ.

ನಾಲ್ಕು ತಿಂಗಳಾದ ಮೇಲೆ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯೇಟಿನಿನ್ 2.1. ಹೆಚ್ಚೆಂದ್ರೆ 1.2, 1.3 ಇರಬೇಕಾದ್ದು. ಆಗ ನಾನು ಚಾಟ್‌ನಲ್ಲಿ ಹಿಂದಕ್ಕೆ ಸ್ಕ್ರೋಲ್ ಮಾಡಿ ಆ ಫೋಟೋ ಝೂಮ್ ಮಾಡಿದೆ. ಕಲ್ಲಿನ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತು. ಎರಡೂ ಕಿಡ್ನಿಯಲ್ಲಿ 'ಇನ್‌ಕ್ರೀಸ್ಡ್ ಕಾರ್ಟಿಕಲ್ ಎಕೋಜೆನಿಸಿಟಿ', 'ಸಜೆಸ್ಟ್ ಆರ್‌ಎಫ್‌ಟಿ ಕೋರಿಲೇಶನ್'. ಸ್ಕ್ಯಾನ್ ಮಾಡಿದ ಡಾಕ್ಟರ್ ಬರೆದಿದ್ರು. ಓದ್ದೇ ಇದ್ದವರು ನಾವು. ಬಿ.ಕಾಂ. ಓದಿದ ಮಗ, ದಿನಾ ಮೈಕ್ ಮುಂದೆ ಕೂತು ಊರಿಗೆಲ್ಲ ಮಾಹಿತಿ ಹಂಚೋನು, ನಾನೂ ಓದಿರ್ಲಿಲ್ಲ.

ಸರಿ, ಆ ಸಾಲಿನ ಅರ್ಥ ಏನು? ಅದಕ್ಕೆ ಸ್ಕ್ಯಾನ್ ಹೇಗೆ ಕೆಲಸ ಮಾಡತ್ತೆ ಅಂತ ನೋಡಬೇಕು.

ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇ ಇಲ್ಲ, ಶಬ್ದ ಅಷ್ಟೇ. ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಶಬ್ದವನ್ನ ಪ್ರೋಬ್ ಒಳಗೆ ಕಳಿಸತ್ತೆ, ವಾಪಸ್ ಬಂದ ಪ್ರತಿಧ್ವನಿಯಿಂದ ಚಿತ್ರ ಕಟ್ಟತ್ತೆ. ಹೊಟ್ಟೆಗೆ ಹಚ್ಚೋ ತಣ್ಣನೆ ಜೆಲ್ ಯಾಕೆ ಅಂದ್ರೆ, ಚರ್ಮಕ್ಕೂ ಪ್ರೋಬ್‌ಗೂ ನಡುವೆ ಸ್ವಲ್ಪ ಗಾಳಿ ಇದ್ರೂ ಶಬ್ದ ಒಳಗೆ ಹೋಗಲ್ಲ. ನೀರು ಕುಡಿಸಿ ಕಾಯಿಸೋದು ಮೂತ್ರಕೋಶ ತುಂಬಲಿ ಅಂತ. ತುಂಬಿದ್ರೆ ಅದೂ, ಅದರ ಹಿಂದಿರೋದೂ ಚೆನ್ನಾಗಿ ಕಾಣತ್ತೆ.

ಡಾಕ್ಟರ್ ಮೊದಲು ಕಿಡ್ನಿಯ ಉದ್ದ ಅಳೀತಾರೆ. ದೊಡ್ಡವರಲ್ಲಿ ಸುಮಾರು 9ರಿಂದ 12 ಸೆಂಟಿಮೀಟರ್. ಬಹಳ ಕಾಲದಿಂದ ಹಾಳಾಗ್ತಾ ಬಂದ ಕಿಡ್ನಿ ಸಾಮಾನ್ಯವಾಗಿ ಕುಗ್ಗಿರತ್ತೆ. ಆಮೇಲೆ ಬಣ್ಣ. ಪರದೆ ಮೇಲೆ ಕಿಡ್ನಿಯ ಹೊರ ಪದರ, ಅಂದ್ರೆ ಕಾರ್ಟೆಕ್ಸ್, ಪಕ್ಕದ ಲಿವರ್‌ನಷ್ಟೇ ಅಥವಾ ಅದಕ್ಕಿಂತ ಕಪ್ಪಗೆ ಕಾಣಬೇಕು. ಲಿವರ್‌ಗಿಂತ ಬೆಳ್ಳಗೆ ಕಂಡ್ರೆ ಅದೇ 'ಇನ್‌ಕ್ರೀಸ್ಡ್ ಎಕೋಜೆನಿಸಿಟಿ'. ಒಳಗಿನ ಅಂಗಾಂಶ ಬದಲಾಗಿರಬಹುದು ಅನ್ನೋ ಸುಳಿವು ಅದು, ರೋಗದ ಹೆಸರಲ್ಲ. ಕೆಲವು ಸಲ ಕಿಡ್ನಿ ಸರಿಯಾಗೇ ಇದ್ದೂ ಹಾಗೆ ಕಾಣಬಹುದು. ಅದಕ್ಕೇ 'ಆರ್‌ಎಫ್‌ಟಿ ಜೊತೆ ಹೋಲಿಸಿ ನೋಡಿ' ಅಂತ ಬರೀತಾರೆ. ಆರ್‌ಎಫ್‌ಟಿ ಅಂದ್ರೆ ಕಿಡ್ನಿ ಕೆಲಸದ ರಕ್ತ ಪರೀಕ್ಷೆ. ಇನ್ನು 'ಹೈಡ್ರೋನೆಫ್ರೋಸಿಸ್' ಅನ್ನೋ ಪದ ಇದ್ರೆ, ಮೂತ್ರ ಕೆಳಗಿಳಿಯದೆ ಕಿಡ್ನಿ ಉಬ್ಬಿದೆ ಅಂತ. ಇದಕ್ಕೆ ಕಾಯಬಾರದು, ಜ್ವರ ಚಳಿ ಸೇರಿದ್ರಂತೂ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನನಗೆ ಅರ್ಥ ಆಗಿದ್ದು ಅಂಗಡಿ ಲೆಕ್ಕದಲ್ಲಿ. ಸ್ಕ್ಯಾನ್ ಅಂದ್ರೆ ಗೋಡೌನ್‌ನ ಫೋಟೋ. ಗೋಡೆ ಬಿರುಕು ಬಿಟ್ಟಿದ್ಯಾ, ನೀರು ನಿಂತಿದ್ಯಾ, ದಾರಿಗೆ ಏನಾದ್ರೂ ಅಡ್ಡ ಇದ್ಯಾ, ಅದು ಕಾಣತ್ತೆ. ಆದ್ರೆ ವ್ಯಾಪಾರ ಲಾಭದಲ್ಲಿದ್ಯಾ ನಷ್ಟದಲ್ಲಿದ್ಯಾ ಅಂತ ತಿಳಿಯೋಕೆ ಲೆಕ್ಕದ ಪುಸ್ತಕ ತೆಗೀಬೇಕು. ಆ ಪುಸ್ತಕ ಕ್ರಿಯೇಟಿನಿನ್, ಮತ್ತೆ ಮೂತ್ರದಲ್ಲಿ ಅಲ್ಬುಮಿನ್ ಸೋರ್ತಿದ್ಯಾ ಅಂತ ನೋಡೋ ಪರೀಕ್ಷೆ. ಇಲ್ಲಿ ಶುಗರ್ ಇರೋರು ಒಂದು ಮಾತು ಕೇಳಿಸ್ಕೊಳ್ಳಿ. ಶುಗರ್‌ನಿಂದ ಕಿಡ್ನಿ ಹಾಳಾಗೋವಾಗ ಅದರ ಸೈಜ್ ಎಷ್ಟೋ ಕಾಲ ನಾರ್ಮಲ್ ಆಗೇ ಇರತ್ತೆ. ಶುರುವಿನಲ್ಲಿ ಸ್ಕ್ಯಾನ್ ಪೂರ್ತಿ ನಾರ್ಮಲ್ ಬರಬಹುದು. ಕ್ರಿಯೇಟಿನಿನ್ ಕೂಡ ತಡವಾಗಿ ಏರತ್ತೆ, ಸುಮಾರು ಅರ್ಧದಷ್ಟು ಕೆಲಸ ಕಳ್ಕೊಳ್ಳೋವರೆಗೂ ನಾರ್ಮಲ್ ತೋರಿಸಬಹುದು. ಮೊದಲು ಸುಳಿವು ಕೊಡೋದು ಸಾಮಾನ್ಯವಾಗಿ ಮೂತ್ರದ ಅಲ್ಬುಮಿನ್. ಒಂದು ಸಣ್ಣ ಡಬ್ಬಿ ಮೂತ್ರ ಸಾಕು. ನಮ್ಮಪ್ಪ 12 ವರ್ಷದಲ್ಲಿ ಅದನ್ನ ಒಂದು ಸಲಾನೂ ಮಾಡಿಸಿರ್ಲಿಲ್ಲ.

ಹಾಗಾದ್ರೆ ಉಳಿದ ಸ್ಕ್ಯಾನ್‌ಗಳು ಯಾಕೆ? ಕಲ್ಲು ಹುಡುಕೋಕೆ ಸಿಟಿ ಎಲ್ಲಕ್ಕಿಂತ ನಿಖರ. ಕಿಡ್ನಿಯಿಂದ ಕೆಳಗಿಳಿಯೋ ನಾಳದಲ್ಲಿ ಸಿಕ್ಕಿಹಾಕ್ಕೊಂಡ ಕಲ್ಲು ಕರುಳಿನ ಗಾಳಿಯಿಂದಾಗಿ ಅಲ್ಟ್ರಾಸೌಂಡ್‌ಗೆ ತಪ್ಪಿಸ್ಕೊಳ್ಳತ್ತೆ, ಸಿಟಿಗೆ ಸಿಕ್ಕಿಬೀಳತ್ತೆ. ಕಲ್ಲಿನ ಪಕ್ಕ 'ಎಚ್‌ಯು' ಅಂತ ಒಂದು ನಂಬರ್ ಇರತ್ತಲ್ಲ, ಅದು ಹೌನ್ಸ್‌ಫೀಲ್ಡ್ ಯೂನಿಟ್, ಸಾಂದ್ರತೆಯ ಲೆಕ್ಕ. ನೀರು ಸೊನ್ನೆ. ಯೂರಿಕ್ ಆಸಿಡ್ ಕಲ್ಲಿಗೆ ಈ ನಂಬರ್ ಸಾಮಾನ್ಯವಾಗಿ ಕಡಿಮೆ, ಅದನ್ನ ಮಾತ್ರೆಯಲ್ಲೇ ಕರಗಿಸೋಕೆ ಆಗಬಹುದು. ಕ್ಯಾಲ್ಸಿಯಂ ಕಲ್ಲು ಹಾಗೆ ಕರಗಲ್ಲ. ಅಂದಹಾಗೆ ಈ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಕೆಲಸ ಮಾಡ್ತಿದ್ದದ್ದು ಇಎಂಐನಲ್ಲಿ. ನಾಯಿ ಗುರುತಿನ ಎಚ್‌ಎಂವಿ ರೆಕಾರ್ಡ್ ಇತ್ತಲ್ಲ, ಅದರ ಮಾಲೀಕ ಕಂಪನಿ! 1971ರಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯ್ತು, 1979ರಲ್ಲಿ ನೊಬೆಲ್ ಬಂತು. ಆಡಿಯೋ ಮಂದಿಗೆ ಇದು ಹೆಮ್ಮೆಯ ವಿಷಯ, ಹೇಳದೆ ಇರೋಕೆ ಆಗ್ಲಿಲ್ಲ.

ಗೆಡ್ಡೆ ಇರಬಹುದು ಅನ್ನೋ ಅನುಮಾನ ಇದ್ರೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿಟಿ ಮಾಡ್ತಾರೆ. ಆ ಔಷಧಿಯನ್ನ ಹೊರಹಾಕಬೇಕಾದ್ದು ಕಿಡ್ನಿಯೇ. ಹಾಗಾಗಿ ಮೊದಲು ಕ್ರಿಯೇಟಿನಿನ್ ಕೇಳ್ತಾರೆ. ಎಂಆರ್‌ಐಗೆ ಕೊಡೋ ಗ್ಯಾಡೋಲಿನಿಯಂ ವಿಷಯದಲ್ಲೂ ಕಿಡ್ನಿ ತೀರಾ ಸೋತವರಿಗೆ ಎಚ್ಚರಿಕೆ ಬೇಕು. ಕೌಂಟರ್‌ನಲ್ಲಿ ಕೇಳದಿದ್ರೂ 'ನನಗೆ ಕಿಡ್ನಿ ತೊಂದರೆ ಇದೆ' ಅಂತ ನೀವೇ ಹೇಳಿಬಿಡಿ.

ಈಗ ನನ್ನ ಗೋಡೌನ್ ಹೋಲಿಕೆಯನ್ನೇ ಕೆಡಿಸೋ ಒಂದು ಸ್ಕ್ಯಾನ್. ಡಿಟಿಪಿಎ, ಡಿಎಂಎಸ್‌ಎ ಅಂತ ಕೇಳಿರಬಹುದು. ಟೆಕ್ನೀಶಿಯಂ ಅನ್ನೋ ವಿಕಿರಣ ವಸ್ತುವನ್ನ ತುಂಬಾ ಸಣ್ಣ ಪ್ರಮಾಣದಲ್ಲಿ ಇಂಜೆಕ್ಷನ್ ಕೊಟ್ಟು, ಕಿಡ್ನಿ ಅದನ್ನ ಹೇಗೆ ಹಿಡ್ಕೊಳ್ಳತ್ತೆ, ಹೇಗೆ ಹೊರಹಾಕತ್ತೆ ಅಂತ ಗಾಮಾ ಕ್ಯಾಮೆರಾದಲ್ಲಿ ನೋಡ್ತಾರೆ. 6 ಗಂಟೆಗೊಮ್ಮೆ ಅದರ ವಿಕಿರಣ ಅರ್ಧಕ್ಕೆ ಇಳಿಯತ್ತೆ. ಇದು ಆಕಾರದ ಫೋಟೋ ಅಲ್ಲ, ಕೆಲಸದ ಫೋಟೋ. ಎರಡು ಕಿಡ್ನಿ ಅಂದ್ರೆ ಇಬ್ಬರು ಪಾಲುದಾರರ ಫರ್ಮ್ ಅಂದ್ಕೊಳ್ಳಿ. ಕ್ರಿಯೇಟಿನಿನ್ ತೋರಿಸೋದು ಇಡೀ ಫರ್ಮ್‌ನ ಒಟ್ಟು ಲೆಕ್ಕ. ಒಬ್ಬ ಪಾಲುದಾರ ಏನೂ ಮಾಡದೆ ಕೂತು, ಇನ್ನೊಬ್ಬ ಅವನ ಪಾಲನ್ನೂ ಹೊತ್ತಿದ್ರೆ ಒಟ್ಟು ಲೆಕ್ಕ ಸರಿಯಾಗೇ ಕಾಣತ್ತೆ. ಯಾರದ್ದು ಎಷ್ಟು ಶೇಕಡಾ ಅಂತ ಬಿಡಿಸಿ ಹೇಳೋದು ಈ ಸ್ಕ್ಯಾನ್. ಒಂದು ಕಿಡ್ನಿ ತೆಗೀಬೇಕಾ ಉಳಿಸಬೇಕಾ ಅನ್ನೋ ಪ್ರಶ್ನೆ ಬಂದಾಗ, ಮಕ್ಕಳಿಗೆ ಮತ್ತೆ ಮತ್ತೆ ಮೂತ್ರದ ಸೋಂಕು ಆಗಿ ಕಿಡ್ನಿಯಲ್ಲಿ ಕಲೆ ಉಳಿದಿದ್ಯಾ ಅಂತ ನೋಡೋಕೆ ಇದು ಬೇಕಾಗತ್ತೆ.

ಅಪ್ಪನಿಗೆ ಇದ್ಯಾವುದೂ ಬೇಕಾಗ್ಲಿಲ್ಲ. ಕಿಡ್ನಿ ಡಾಕ್ಟರ್ ಹತ್ರ ಹೋದಾಗ ಅವರು ಫೋಟೋ ನೋಡಿ ಕೇಳಿದ ಮೊದಲ ಪ್ರಶ್ನೆ, "ಯಜಮಾನ್ರೇ, ನೋವಿನ ಮಾತ್ರೆ ಎಷ್ಟು ವರ್ಷದಿಂದ ತಗೋತಿದ್ದೀರಾ?" ಅಪ್ಪ ನನ್ನ ಮುಖ ನೋಡಿದ್ರು. ಅಮ್ಮ ಬ್ಯಾಗಿನಿಂದ ಮಾತ್ರೆಯ ಖಾಲಿ ಸ್ಟ್ರಿಪ್ ತೆಗೆದು ಮೇಜಿನ ಮೇಲೆ ಇಟ್ರು. ಮಾತ್ರೆ ಅವತ್ತೇ ಬಂದ್. ಮೂತ್ರ ಪರೀಕ್ಷೆಯಲ್ಲಿ ಅಲ್ಬುಮಿನ್ ಸೋರ್ತಿತ್ತು. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ನೋಡಿದ್ರು. ದೀರ್ಘಕಾಲದ ಕಿಡ್ನಿ ತೊಂದರೆ ಅಂತ ಹೇಳೋಕೆ ಅಷ್ಟು ಕಾಲವಾದ್ರೂ ಅದು ಮುಂದುವರಿದಿರಬೇಕು. ಆಗ 1.9. ಈಗಲೂ ಅಷ್ಟೇ ಇದೆ. ಹಳೇ ನಂಬರ್‌ಗೆ ವಾಪಸ್ ಹೋಗೋದು ಕಷ್ಟ, ಇಲ್ಲೇ ನಿಲ್ಲಿಸೋಕೆ ನೋಡೋಣ ಅಂದಿದ್ದಾರೆ.

ಆ ನಾಲ್ಕು ತಿಂಗಳು ನನಗೆ ಇನ್ನೂ ಕೊರೀತಾ ಇರತ್ತೆ. ಮಾತ್ರೆ ಅಷ್ಟು ಮೊದಲೇ ನಿಂತಿರ್ತಿತ್ತು.

ನಿಮ್ಮ ಮನೆಯವರ ಹಳೇ ಸ್ಕ್ಯಾನ್ ರಿಪೋರ್ಟ್ ಫೋನಿನಲ್ಲಿದ್ರೆ ಒಮ್ಮೆ ಝೂಮ್ ಮಾಡಿ ಕೊನೆ ಸಾಲಿನವರೆಗೂ ಓದಿ. 'ಕೋರಿಲೇಟ್' ಅನ್ನೋ ಪದ ಕಂಡ್ರೆ ಡಾಕ್ಟರಿಗೆ ತೋರಿಸಿ, ಏನನ್ನ ಯಾವುದರ ಜೊತೆ ಹೋಲಿಸಬೇಕು ಅಂತ ಕೇಳಿ. ಅಪ್ಪ ಈಗ ರಿಪೋರ್ಟ್‌ಗಳನ್ನೆಲ್ಲ ಅಂಗಡಿಯ ಉದ್ರಿ ಪುಸ್ತಕದ ಜೊತೆ ಒಂದೇ ಫೈಲ್‌ನಲ್ಲಿ ಇಡ್ತಾರೆ. ಮುಂದಿನ ರಕ್ತ ಪರೀಕ್ಷೆ ಬರೋ ತಿಂಗಳು. ಸಿಗೋಣ.